‘ಏನೂ ಆಗಲ್ಲ’ ಅನ್ನೋ ವೀಸಾ ಯಾವ ದೇಶವೂ ಕೊಡೋಲ್ಲ

ಪಾಸ್‌ಪೋರ್ಟ್ ರಾಯರ ಜತೆ ಒಂದು ಕಾಲ್ಪನಿಕ ಸಂದರ್ಶನ

ಬಸವನಗುಡಿಯ ಒಂದು ಮನೆ. ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಮಗಳು ಅಮೆರಿಕದಲ್ಲಿ ಚೊಚ್ಚಲ ಬಸುರಿ. ಬಾಣಂತನಕ್ಕೆಂದು ಗಂಡ ಹೆಂಡತಿ ಇಬ್ಬರೂ ಹೊರಟು ನಿಂತಿದ್ದಾರೆ. ಅಂಟಿನುಂಡೆಯ ಸಾಮಾನು ತರಲು ಅವರು ಗಾಂಧಿ ಬಜಾರಿಗೆ ಹೋದ ಹೊತ್ತು ನೋಡಿಕೊಂಡು ನಮ್ಮ ಪ್ರತಿನಿಧಿ ಬೀರುವಿನ ಬಾಗಿಲು ತಟ್ಟಿದರು. ರಾಯರು ಮೇಲಿನ ಅರೆಯಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ, ಎಲ್‌ಐಸಿ ಬಾಂಡುಗಳ ಪಕ್ಕದಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಮಲಗಿದ್ದರು. ಮೈಮೇಲೆ ಕಡುನೀಲಿ ಅಂಗಿ, ಎದೆಯ ಮೇಲೆ ಹೊನ್ನಿನ ಬಣ್ಣದ ಸಿಂಹಲಾಂಛನ. ಅವರ ಬೆನ್ನಿಗೆ ರಬ್ಬರ್ ಬ್ಯಾಂಡಿನಲ್ಲಿ ಬಿಗಿದಿದ್ದವರು ಮೂಲೆ ಕತ್ತರಿಸಿಕೊಂಡ ಹಳೆಯ ಪಾಸ್‌ಪೋರ್ಟು. ‘ನಮ್ಮಣ್ಣ’ ಎಂದು ರಾಯರು ಪರಿಚಯಿಸಿದರು. ಅಣ್ಣನವರು ಮಾತಾಡಲಿಲ್ಲ. ಅವರ ಅವಧಿ ಮುಗಿದಿತ್ತು.

ಪ್ರಶ್ನೆ: ನಮಸ್ಕಾರ ರಾಯರೇ. ಪ್ರಯಾಣದ ತಯಾರಿ ಎಲ್ಲಿಗೆ ಬಂತು?

ರಾಯರು: ಸೂಟ್‌ಕೇಸಿನದೋ, ನನ್ನದೋ? ಸೂಟ್‌ಕೇಸಿನದಾದರೆ ಭರ್ಜರಿ. ಒಂದು ತಿಂಗಳಿಂದ ಹಜಾರದ ನಡುವೆ ಬಾಯಿ ಬಿಟ್ಟುಕೊಂಡು ಬಿದ್ದಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೂಕ. 23 ಕಿಲೋ ಮೇಲೆ 200 ಗ್ರಾಂ ಏರಿದರೆ ಮನೆಯಲ್ಲಿ ತುರ್ತು ಸಭೆ. ಹುಣಸೆಹಣ್ಣು ಬಿಡೋದೋ, ಬೆಲ್ಲ ಬಿಡೋದೋ, ಯಜಮಾನರ ಸ್ವೆಟರ್ ಬಿಡೋದೋ? ಪ್ರತಿ ಸಲವೂ ಸೋಲುವುದು ಸ್ವೆಟರೇ. ಇನ್ನು ನನ್ನ ತಯಾರಿ ಅಂದರೆ, ಹೊರಡುವ ಹಿಂದಿನ ರಾತ್ರಿ ‘ರೀ, ಪಾಸ್‌ಪೋರ್ಟ್ ಎಲ್ಲಿಟ್ರಿ?’ ಅಂತ ಒಂದು ಕೂಗು. ಮುಗೀತು. ಚಟ್ನಿಪುಡಿ ಮರೆತರೆ ಮಗಳು ಎರಡು ದಿನ ಮುನಿಸಿಕೊಳ್ಳಬಹುದು. ನನ್ನನ್ನು ಮರೆತರೆ ಆ ಮುನಿಸು ನೋಡುವ ಭಾಗ್ಯವೂ ಇಲ್ಲ. ಆದರೂ ತಕ್ಕಡಿ ಏರುವುದು ಚಟ್ನಿಪುಡಿಯೇ.

ಪ್ರಶ್ನೆ: ಯಜಮಾನರ ಮೇಲೆ ನಿಮಗೆ ಸ್ವಲ್ಪ ಕೋಪ ಇದ್ದ ಹಾಗಿದೆ.

ರಾಯರು: ಮೊದಲು ಒಂದು ತಿದ್ದುಪಡಿ ಬರೆದುಕೊಳ್ಳಿ. ಅವರು ಈ ಮನೆಗೆ ಯಜಮಾನರು, ನನಗಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಸೆಕ್ಷನ್ ತೆಗೆದು ನೋಡಿ. ನಾನು ಯಾವತ್ತಿದ್ದರೂ ಕೇಂದ್ರ ಸರ್ಕಾರದ ಸ್ವತ್ತು. ಇವರ ಹತ್ತಿರ ಡೆಪ್ಯುಟೇಶನ್ ಮೇಲೆ ಇದ್ದೇನೆ ಅಷ್ಟೆ. ಹಾಗಿರುವಾಗ ನನ್ನ ಖಾಲಿ ಪುಟದಲ್ಲಿ ಪಕ್ಕದ ಮನೆಯ ಮಗು ಆನೆ ಬಿಡಿಸಿದರೆ ಇವರು ಚಪ್ಪಾಳೆ ತಟ್ಟುತ್ತಾರೆ. ಟ್ಯಾಕ್ಸಿಯವನ ಫೋನ್ ನಂಬರು ನನ್ನ ಮೇಲೆಯೇ ಗೀಚುತ್ತಾರೆ. ಕಾಫಿ ಲೋಟ ಇಡಲು ನಾನೇ ಬೇಕು. ಬೋರ್ಡಿಂಗ್ ಪಾಸನ್ನು ನನ್ನ ಮೈಗೇ ಸ್ಟೇಪ್ಲರ್ ಹೊಡೆದು ‘ಜೋಪಾನ’ ಮಾಡುತ್ತಾರೆ. ಹರಿದ, ನೆನೆದ, ಗೀಚಿದ ಪಾಸ್‌ಪೋರ್ಟ್ ಹಿಡಿದು ಹೋದವರನ್ನು ವಿಮಾನ ಹತ್ತಿಸದೆ ವಾಪಸ್ ಕಳಿಸಬಹುದು. ‘ಸಣ್ಣ ಕಲೆ, ಏನೂ ಆಗಲ್ಲ ಬಿಡಿ’ ಅನ್ನುವವರಿಗೆ ಆಗುವುದು ಅಲ್ಲೇ.

ಪ್ರಶ್ನೆ: ಹಾಗಾದರೆ ಪ್ರಜೆಗೆ ನಿಮ್ಮ ಮೇಲೆ ಹಕ್ಕೇ ಇಲ್ಲವೇ?

ರಾಯರು: ಯಾಕಿಲ್ಲ? ಕೋರ್ಟಿನಲ್ಲಿ ಹೋರಾಡಿ ಪಡೆದ ಹಕ್ಕು. ಮೊದಲು ನನ್ನನ್ನು ಕೊಡುವುದು ಬಿಡುವುದು ಸರ್ಕಾರದ ಮರ್ಜಿಗೆ ಬಿಟ್ಟಿತ್ತು. ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿದೇಶಕ್ಕೆ ಹೋಗಿಬರುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯಕ್ಕೆ ಸೇರಿದ್ದು ಅಂತ 1967ರ ಏಪ್ರಿಲ್‌ನಲ್ಲಿ ಹೇಳಿದ ಮೇಲೆಯೇ ಅದೇ ವರ್ಷ ಕಾಯ್ದೆ ಬಂದದ್ದು. ಹತ್ತು ವರ್ಷ ಕಳೆದು 1977ರಲ್ಲಿ ‘ಸಾರ್ವಜನಿಕ ಹಿತ’ ಅಂತ ಹೇಳಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಕಿತ್ತುಕೊಂಡರು. ಕಾರಣ ಕೇಳಿದರೆ, ಅದನ್ನು ಹೇಳದಿರುವುದೂ ಸಾರ್ವಜನಿಕ ಹಿತವೇ ಅಂದರು. 1978ರ ತೀರ್ಪಿನಲ್ಲಿ ನ್ಯಾಯಾಲಯ, ಹಕ್ಕು ಕಸಿಯುವ ವಿಧಾನ ನ್ಯಾಯಯುತವಾಗಿರಬೇಕು ಅಂತ ಹೇಳಿತು. ಕಾನೂನು ಕಾಲೇಜುಗಳಲ್ಲಿ ಇವತ್ತಿಗೂ ಅದನ್ನು ಪಾಠ ಮಾಡುತ್ತಾರೆ. ಅಷ್ಟು ದೊಡ್ಡ ವಕೀಲರು ವಾದಿಸಿ ಗೆದ್ದುಕೊಟ್ಟ ಹಕ್ಕನ್ನು ನಮ್ಮವರು ನುಸಿಗುಳಿಗೆ ಜತೆ ಮಲಗಿಸಿದ್ದಾರೆ.

ಪ್ರಶ್ನೆ: ನಿಮ್ಮ ಆಯಸ್ಸು ಎಷ್ಟು?

ರಾಯರು: ಮೈಮೇಲೆ ಬರೆದಿರುವುದು ಹತ್ತು ವರ್ಷ. ಲೆಕ್ಕಕ್ಕೆ ಬರುವುದು ಒಂಬತ್ತೂವರೆ. ಸಿಂಗಪುರ, ಥಾಯ್ಲೆಂಡ್, ಮಲೇಷ್ಯಾ, ಯುಎಇ ಸೇರಿ ಹಲವು ದೇಶಗಳು ನನಗೆ ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರಬೇಕು ಅನ್ನುತ್ತವೆ. ಯುರೋಪಿನ ಷೆಂಗೆನ್ ಕೂಟದ 29 ದೇಶಗಳದ್ದು ಬೇರೆ ಲೆಕ್ಕ: ಅಲ್ಲಿಂದ ಹೊರಡುವ ದಿನಾಂಕದಿಂದ ಮುಂದೆ ಮೂರು ತಿಂಗಳು ಬಾಕಿ ಇರಬೇಕು. ಕೆಲವು ದೇಶಗಳಿಗೆ ಮುದ್ರೆ ಒತ್ತಲು ಖಾಲಿ ಪುಟಗಳೂ ಇಂತಿಷ್ಟು ಅಂತ ಇರಬೇಕು. ಆದರೆ ನಮ್ಮವರು ನೋಡುವುದು ಟಿಕೆಟ್ ದರ ಎಷ್ಟು ಇಳಿದಿದೆ ಅಂತ. ನನ್ನ ಕೊನೆಯ ದಿನಾಂಕ ಅವರ ಕಣ್ಣಿಗೆ ಬೀಳುವುದು ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನ ಕೌಂಟರಿನಲ್ಲಿ. ಇನ್ನೊಂದು ಗೋಳು ಕೇಳಿ. ಚಿಕ್ಕ ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷದ ಆಯಸ್ಸು. ಅಪ್ಪ ಅಮ್ಮನದು ಗಟ್ಟಿಮುಟ್ಟಾಗಿರುತ್ತದೆ, ಮಗುವಿನದು ಯಾವಾಗಲೋ ತೀರಿಕೊಂಡಿರುತ್ತದೆ. ಇಡೀ ಸಂಸಾರ ಟ್ರಾಲಿ ತಿರುಗಿಸಿಕೊಂಡು ಮನೆಗೆ.

ಪ್ರಶ್ನೆ: ಕೌಂಟರಿನವರು ಸ್ವಲ್ಪ ಕರುಣೆ ತೋರಿಸಬಾರದೇ?

ರಾಯರು: ಅವರ ಮೇಲೆ ಯಾಕೆ ಸಿಟ್ಟು? ದಾಖಲೆ ಸರಿ ಇಲ್ಲದವರನ್ನು ಹತ್ತಿಸಿಕೊಂಡು ಹೋದರೆ ಆ ದೇಶ ವಿಮಾನ ಕಂಪನಿಗೆ ದಂಡ ಹಾಕುತ್ತದೆ, ಪ್ರಯಾಣಿಕರನ್ನು ವಾಪಸ್ ಕರೆತರುವ ಹೊಣೆಯನ್ನೂ ಅದಕ್ಕೇ ಹೊರಿಸುತ್ತದೆ. ಆದ್ದರಿಂದ ಪರದೇಶದ ಗಡಿ ಶುರುವಾಗುವುದು ದೇವನಹಳ್ಳಿಯಲ್ಲೇ. ಅಲ್ಲಿ ನಿಂತು ‘ನಮ್ಮ ಷಡ್ಡಕರು ವಿಧಾನಸೌಧದಲ್ಲಿದ್ದಾರೆ’ ಅಂದರೆ, ಕಂಪ್ಯೂಟರಿಗೆ ಷಡ್ಡಕ ಅನ್ನುವ ಕಾಲಂ ಇಲ್ಲ ಸ್ವಾಮಿ.

ಪ್ರಶ್ನೆ: ಹೆಸರಿನ ವಿಷಯದಲ್ಲೂ ಕನ್ನಡಿಗರಿಗೆ ತೊಂದರೆಯಂತೆ?

ರಾಯರು: ನಮ್ಮವರ ಹೆಸರಿನಲ್ಲಿ ಊರೊಂದು, ಅಪ್ಪ ಒಬ್ಬರು, ಇಟ್ಟ ಹೆಸರೊಂದು. ಊರು ಮತ್ತು ಅಪ್ಪ ಇನಿಷಿಯಲ್ ಆಗಿ ಜೀವನಪೂರ್ತಿ ಎರಡು ಅಕ್ಷರದಲ್ಲಿ ಅಡಗಿ ಕೂತಿರುತ್ತಾರೆ. ನನ್ನ ಅರ್ಜಿ ತುಂಬುವ ದಿನ ಅವರನ್ನು ಬಿಡಿಸಿ ಬರೆಯಬೇಕಾಗುತ್ತದೆ. ಆಗ ಊರು ಹೋಗಿ ಮನೆತನದ ಹೆಸರಿನ ಕಾಲಂನಲ್ಲಿ ಕೂರುತ್ತದೆ. ಅಲ್ಲಿನ ಅಧಿಕಾರಿ ‘ಮಿಸ್ಟರ್ ಹೊಸಹಳ್ಳಿ’ ಅಂತ ಕರೆದರೆ ನಮ್ಮವರು ಯಾರಪ್ಪಾ ಅಂತ ಹಿಂದೆ ತಿರುಗಿ ನೋಡುತ್ತಾರೆ. ಇದು ನಗುವಿಗಾಯಿತು. ಇನ್ನು ಕೆಲವರು ಆ ಕಾಲಂ ಖಾಲಿ ಬಿಟ್ಟು ಒಂದೇ ಹೆಸರು ಬರೆದಿರುತ್ತಾರೆ. ಅವರಿಗೆ ಅಮೆರಿಕದ ವೀಸಾದಲ್ಲಿ ಇಟ್ಟ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಅಂತ, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಅಂತ ಬೀಳುತ್ತದೆ. ಒಂದೇ ಹೆಸರಿನ ಪಾಸ್‌ಪೋರ್ಟಿನಲ್ಲಿ ಪ್ರವಾಸಿ ವೀಸಾ ಮೇಲೆ ಬರುವವರನ್ನು ಒಳಗೆ ಬಿಡುವುದಿಲ್ಲ ಅಂತ ಯುಎಇ 2022ರ ನವೆಂಬರ್‌ನಲ್ಲೇ ಹೇಳಿದೆ. ಆದ್ದರಿಂದ ನನ್ನಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೆಯೇ ಟಿಕೆಟ್ಟಿನಲ್ಲೂ ವೀಸಾದಲ್ಲೂ ಇರಬೇಕು. ಮದುವೆಯಾದ ಮೇಲೆ ಹೆಸರು ಬದಲಿಸಿದ ಹೆಣ್ಣುಮಕ್ಕಳು ಇದನ್ನು ಎರಡು ಸಲ ಓದಲಿ.

ಪ್ರಶ್ನೆ: ವೀಸಾ ಬೇಗ ಸಿಗಲು ಉಪಾಯ?

ರಾಯರು: ಹೈದರಾಬಾದಿನ ಹತ್ತಿರ ಚಿಲ್ಕೂರಿನಲ್ಲಿ ಬಾಲಾಜಿ ಇದ್ದಾನೆ. ವೀಸಾ ಬಾಲಾಜಿ ಅಂತಲೇ ಪ್ರಸಿದ್ಧ. ಹರಕೆ ಹೊರುವಾಗ 11 ಪ್ರದಕ್ಷಿಣೆ, ಕೈಗೂಡಿದ ಮೇಲೆ 108. ನನಗೂ ಆತನ ಮೇಲೆ ಭಕ್ತಿ ಇದೆ. ಆದರೆ ಒಂದು ವಿಚಿತ್ರ ನೋಡಿ. ಪ್ರದಕ್ಷಿಣೆಯ ಲೆಕ್ಕ ಯಾರಿಗೂ ತಪ್ಪುವುದಿಲ್ಲ. ಅರ್ಜಿಯಲ್ಲಿ ಹುಟ್ಟಿದ ತಾರೀಖು ತಪ್ಪುತ್ತದೆ. ಅಮೆರಿಕದ ಡಿಎಸ್-160 ಅರ್ಜಿಯನ್ನು ಸೈಬರ್ ಸೆಂಟರಿನ ಹುಡುಗನ ಕೈಗೆ ಕೊಟ್ಟು ಇವರು ಪಕ್ಕದ ದರ್ಶಿನಿಯಲ್ಲಿ ಇಡ್ಲಿ ತಿನ್ನುತ್ತಿರುತ್ತಾರೆ. ಆ ಹುಡುಗ ತಪ್ಪು ಬರೆದರೂ ಜವಾಬ್ದಾರಿ ಅರ್ಜಿದಾರರದೇ. ಪರದೇಶದ ಕಚೇರಿಯಲ್ಲಿ ಸುಳ್ಳು ಹೇಳಿಕೆ ಅಂತ ಒಮ್ಮೆ ದಾಖಲಾದರೆ ಅದನ್ನು ಅಳಿಸಲು 108 ಪ್ರದಕ್ಷಿಣೆಯೂ ಸಾಲದು.

ಪ್ರಶ್ನೆ: ಈ ಮನೆಯವರಿಗಂತೂ ಹತ್ತು ವರ್ಷದ ಅಮೆರಿಕ ವೀಸಾ ಇದೆ. ಚಿಂತೆಯಿಲ್ಲ ಅಲ್ಲವೇ?

ರಾಯರು: ಇದೆ, ಆದರೆ ನನ್ನ ಬಳಿ ಇಲ್ಲ. ಅಣ್ಣನ ಹೊಟ್ಟೆಯಲ್ಲಿದೆ. ಮೂಲೆ ಕತ್ತರಿಸಿದ್ದಾರೆ, ಇನ್ನು ಇದು ರದ್ದಿ ಅಂತ ಯಜಮಾನರು ಮೊನ್ನೆ ಅವನನ್ನು ಬೇರೆ ಇಡಲು ಹೊರಟಿದ್ದರು. ನನಗೆ ಎದೆ ಧಸಕ್ಕೆಂದಿತು. ಹಳೆಯ ಪಾಸ್‌ಪೋರ್ಟಿನ ಅವಧಿ ಮುಗಿದಿದ್ದರೂ ಅದರೊಳಗಿನ ವೀಸಾ ಜೀವಂತವಾಗಿದ್ದರೆ ಎರಡನ್ನೂ ಜತೆಯಲ್ಲಿ ಒಯ್ದರೆ ಅಮೆರಿಕ ಒಪ್ಪುತ್ತದೆ. ಎರಡನೆಯ ತಪ್ಪು ಕಲ್ಪನೆ, ಹತ್ತು ವರ್ಷದ ವೀಸಾ ಅಂದರೆ ಹತ್ತು ವರ್ಷ ಇರಬಹುದು ಅನ್ನುವುದು. ವೀಸಾ ಅಂದರೆ ಬಾಗಿಲು ತಟ್ಟುವ ಅಪ್ಪಣೆ, ಅಷ್ಟೆ. ಒಳಗೆ ಎಷ್ಟು ದಿನ ಅನ್ನುವುದನ್ನು ಬಾಗಿಲಲ್ಲಿ ನಿಂತ ಅಧಿಕಾರಿ ತೀರ್ಮಾನಿಸುತ್ತಾನೆ. ಅಮೆರಿಕದಲ್ಲಿ ಅದು ಐ-94 ಎಂಬ ದಾಖಲೆಯಲ್ಲಿ ಇರುತ್ತದೆ. ಕಾಣಲು ಬಂದ ಅಪ್ಪ ಅಮ್ಮಂದಿರಿಗೆ ಸಾಮಾನ್ಯವಾಗಿ ಆರು ತಿಂಗಳು. ಇಳಿದ ಮೇಲೆ ಅದನ್ನು ಇಂಟರ್ನೆಟ್ಟಿನಲ್ಲಿ ತೆಗೆದು ತಾರೀಖು ನೋಡಿಕೊಳ್ಳಬೇಕು. ಮೊಮ್ಮಗುವಿನ ಮೊದಲ ಹಲ್ಲು ಬರುವವರೆಗೆ ಇದ್ದುಬಿಡೋಣ ಅಂತ ಒಂದು ದಿನ ಜಾಸ್ತಿ ಇದ್ದರೂ ಆ ವೀಸಾ ಕೆಡುತ್ತದೆ. ಮೊದಲ ಹುಟ್ಟುಹಬ್ಬಕ್ಕೆ ಬೇರೆ ವೀಸಾ ಬೇಡಬೇಕು.

ಪ್ರಶ್ನೆ: ಅಧಿಕಾರಿ ಏನೇನು ಕೇಳುತ್ತಾನೆ?

ರಾಯರು: ಯಾಕೆ ಬಂದಿರಿ, ಎಲ್ಲಿ ಇರುತ್ತೀರಿ, ಯಾವಾಗ ವಾಪಸ್. ಮೂರೇ ಪ್ರಶ್ನೆ. ನಮ್ಮವರು ಮೂರಕ್ಕೂ ಸೇರಿಸಿ ಅಳಿಯನ ಸಂಬಳ, ಅವನ ಕಂಪನಿಯ ವ್ಯವಹಾರ, ತಮ್ಮ ಮಂಡಿನೋವು ಎಲ್ಲ ಹೇಳುತ್ತಾರೆ. ‘ವಿಳಾಸ ಎಲ್ಲಿ?’ ಅಂದರೆ ‘ಮಗಳ ವಾಟ್ಸ್‌ಆ್ಯಪ್‌ನಲ್ಲಿದೆ’. ಫೋನು ನೋಡಿದರೆ ಚಾರ್ಜ್ ಮುಗಿದಿದೆ. ಮಗಳ ಮನೆಯ ವಿಳಾಸ, ಫೋನ್ ನಂಬರು, ವಾಪಸ್ ಟಿಕೆಟ್, ವಿಮೆ ಪತ್ರ ಇವು ಒಂದು ಕಾಗದದ ಮೇಲೆ ಅಚ್ಚಾಗಿ ಜೇಬಿನಲ್ಲಿದ್ದರೆ ಅರ್ಧ ಬೆವರು ಉಳಿಯುತ್ತದೆ. ಕೇಳಿದ್ದಕ್ಕೆ ನಿಜ ಹೇಳಬೇಕು. ಕೇಳದ್ದನ್ನು ಹೇಳಬೇಕಾಗಿಲ್ಲ.

ಪ್ರಶ್ನೆ: ಸೂಟ್‌ಕೇಸಿನ ಒಳಗೆ ಇಣುಕಿದ್ದೀರಾ?

ರಾಯರು: ಇಣುಕಿ ನಿದ್ದೆ ಬಿಟ್ಟಿದ್ದೇನೆ. ಮೊದಲನೆಯದಾಗಿ ತಿಪಟೂರಿನ ಒಣಕೊಬ್ಬರಿ. ಅಮ್ಮಾವ್ರ ಕಣ್ಣಿಗೆ ಅದು ಅಂಟಿನುಂಡೆಯ ಜೀವಾಳ. ವಿಮಾನದವರ ಕಣ್ಣಿಗೆ ಅದು ಬೆಂಕಿ. ಎಣ್ಣೆಯಂಶ ಇರುವುದರಿಂದ ಕೊಬ್ಬರಿ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದಕ್ಕೆ 1363 ಅಂತ ನಂಬರೇ ಇದೆ. ತಿಪಟೂರಿನ ಮಾರುಕಟ್ಟೆಯಲ್ಲಿ ಹೇಳಿ ನೋಡಿ, ನಗುತ್ತಾರೆ. ಎಕ್ಸ್‌ರೇ ಮುಂದೆ ಕೂತವರು ನಗುವುದಿಲ್ಲ, ಹೊರಗೆ ತೆಗೆಸುತ್ತಾರೆ.

ಎರಡನೆಯದು ಗಸಗಸೆ. ನಮಗೆ ಪಾಯಸ, ಯುಎಇ ಮತ್ತು ಸೌದಿಗೆ ಅಫೀಮಿನ ಗಿಡದ ಬೀಜ. ಅಲ್ಲಿ ಅದು ನಿಷಿದ್ಧ. ಇವರ ವಿಮಾನ ದುಬೈ ಮೇಲೆ ಹೋಗುತ್ತದೆ. ‘ನಾವು ದುಬೈನಲ್ಲಿ ಇಳಿಯೋದೇ ಇಲ್ಲ, ಬರೀ ವಿಮಾನ ಬದಲಾಯಿಸೋದು, ಏನೂ ಆಗಲ್ಲ’ ಅಂತ ಪಕ್ಕದ ಮನೆಯವರು ಹೇಳಿಕೊಟ್ಟಿದ್ದಾರೆ. ಅವರು ಒಂದು ಸಲ ಸಿಂಗಪುರ ನೋಡಿ ಬಂದವರು, ಅಂದಿನಿಂದ ಈ ರಸ್ತೆಗೆ ಅವರೇ ವಿದೇಶಾಂಗ ಸಚಿವರು. ಯಾವ ನೆಲದ ಮೇಲೆ ಕಾಲಿಟ್ಟಿರೋ ಆ ನೆಲದ ಕಾನೂನು ಸ್ವಾಮಿ, ಎರಡು ಗಂಟೆಯ ಮಟ್ಟಿಗಾದರೂ.

ಮೂರನೆಯದು ಕರಿಬೇವು. ಕಿತ್ತಳೆ, ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಅದಕ್ಕೇ ಅಮೆರಿಕ ಹಸಿ ಕರಿಬೇವು ಬಿಟ್ಟುಕೊಳ್ಳುವುದಿಲ್ಲ. ಸೀರೆ ಮಡಿಕೆಯಲ್ಲಿ ಬಚ್ಚಿಟ್ಟರೂ ಅಲ್ಲಿ ಮೂಸುವುದಕ್ಕೆಂದೇ ನಾಯಿ ಸಾಕಿದ್ದಾರೆ.

ಪ್ರಶ್ನೆ: ಹಾಗಾದರೆ ಏನೂ ಒಯ್ಯುವ ಹಾಗಿಲ್ಲವೇ?

ರಾಯರು: ಒಯ್ಯಿರಿ. ಹುರಿದು ಕುಟ್ಟಿದ ಪುಡಿಗಳಿಗೆ ಸಾಮಾನ್ಯವಾಗಿ ತಕರಾರಿಲ್ಲ. ಆದರೆ ಇಳಿದ ಕಡೆ ತಿಂಡಿ ತೀರ್ಥದ ಬಗ್ಗೆ ಕೇಳುವ ಪ್ರಶ್ನೆಗೆ ‘ಹೌದು, ಇದೆ’ ಅಂತ ಬರೆಯಿರಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಂತೂ ಇದು ಬಹಳ ಕಟ್ಟುನಿಟ್ಟು. ತಂದಿದ್ದೇನೆ ಅಂತ ಹೇಳಿದವರದು ನಿಷಿದ್ಧ ವಸ್ತುವಾದರೆ ಕಸದ ಬುಟ್ಟಿಗೆ ಹೋಗುತ್ತದೆ, ಕಥೆ ಅಲ್ಲಿಗೆ ಮುಗಿಯುತ್ತದೆ. ದಂಡ ಬೀಳುವುದು ಮುಚ್ಚಿಟ್ಟವರಿಗೆ. ಕೈಚೀಲದಲ್ಲಿ ಉಪ್ಪಿನಕಾಯಿ, ತುಪ್ಪ ಬೇಡ. ದ್ರವಕ್ಕೆ ಅಲ್ಲಿ 100 ಮಿಲಿಲೀಟರಿನ ಮಿತಿ. ಅದಕ್ಕೆ ವಿರುದ್ಧವಾಗಿ ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಸಾಮಾನಿನ ಸೂಟ್‌ಕೇಸಿಗೆ ಹಾಕುವಂತಿಲ್ಲ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕಣ್ಣೆದುರಿಗೆ ಆರಿಸಬಹುದು, ವಿಮಾನದ ಹೊಟ್ಟೆಯೊಳಗಿನ ಗೋದಾಮಿನಲ್ಲಿ ಕಷ್ಟ. ಇನ್ನೊಂದು. ಅಮ್ಮಾವ್ರು ಮಗಳಿಗೆಂದು ಮಿಕ್ಸಿ ಕಟ್ಟಿಟ್ಟಿದ್ದಾರೆ. ನಮ್ಮದು 230 ವೋಲ್ಟ್, ಅಮೆರಿಕದ್ದು 120. ಅಲ್ಲಿ ಅದು ಮಿಕ್ಸಿಯಾಗಿ ಅಲ್ಲ, ನೆನಪಿನ ಕಾಣಿಕೆಯಾಗಿ ಮಾತ್ರ ಕೆಲಸ ಮಾಡುತ್ತದೆ.

ಪ್ರಶ್ನೆ: ಆ ಮೂಲೆಯಲ್ಲಿ ಬಟ್ಟೆ ಸುತ್ತಿ ಹೊಲಿದ ಪೊಟ್ಟಣ ಯಾರದು?

ರಾಯರು: ಬಂತು ನೋಡಿ, ಯಮನ ಪೊಟ್ಟಣ! ಎದುರು ಮನೆಯವರ ಭಾವನ ಗೆಳೆಯರ ಮಗ ಅಲ್ಲೇ ಹತ್ತಿರದಲ್ಲಿ ಇದ್ದಾನಂತೆ. ‘ಬರೀ ಸಿಹಿತಿಂಡಿ, ಸ್ವಲ್ಪ ಔಷಧಿ, ಹೇಗೂ ಹೋಗ್ತಿದ್ದೀರಲ್ಲ’ ಅಂತ ತಂದಿಟ್ಟರು. ಬಿಚ್ಚಿ ನೋಡಲು ಇವರಿಗೆ ದಾಕ್ಷಿಣ್ಯ. ದಾಕ್ಷಿಣ್ಯದ ಬೆಲೆ ಹೇಳುತ್ತೇನೆ ಕೇಳಿ. 2019ರಲ್ಲಿ ಮುಂಬೈಯಿಂದ ಕತಾರಿಗೆ ಹೋದ ದಂಪತಿ ಸಂಬಂಧಿಕರು ಕೊಟ್ಟ ಪೊಟ್ಟಣ ಒಯ್ದಿದ್ದರು. ಅದರಲ್ಲಿದ್ದದ್ದು ಚರಸ್. ಅಲ್ಲಿನ ನ್ಯಾಯಾಲಯ 10 ವರ್ಷ ಶಿಕ್ಷೆ ಕೊಟ್ಟಿತು. ಅವರಿಗೆ ಏನೂ ಗೊತ್ತಿರಲಿಲ್ಲ ಅನ್ನುವುದು ಮೇಲಿನ ನ್ಯಾಯಾಲಯದವರೆಗೂ ಹೋಗಿ ಬಗೆಹರಿದು ಬಿಡುಗಡೆಯಾಗುವ ಹೊತ್ತಿಗೆ 2021 ಬಂದಿತ್ತು. ಚೀಲದಲ್ಲಿ ಏನಿದೆಯೋ ಅದಕ್ಕೆ ಚೀಲ ಹೊತ್ತವರೇ ಹೊಣೆ. ಬಿಚ್ಚಿ ನೋಡಿ, ಇಲ್ಲವೇ ಕೈಮುಗಿದು ‘ಆಗೋಲ್ಲ’ ಅನ್ನಿ. ಎದುರು ಮನೆಯವರು ನಾಲ್ಕು ದಿನ ಮಾತು ಬಿಟ್ಟರೆ ಬಿಡಲಿ.

ಪ್ರಶ್ನೆ: ಆರೋಗ್ಯದ ತಯಾರಿ?

ರಾಯರು: ಯಜಮಾನರಿಗೆ ಬಿ.ಪಿ., ಅಮ್ಮಾವ್ರಿಗೆ ಶುಗರ್. ತೂಕ ಉಳಿಸಲು ಎಲ್ಲ ಮಾತ್ರೆಗಳನ್ನೂ ಹಾಳೆಯಿಂದ ಬಿಡಿಸಿ ಒಂದು ಬಿಸ್ಕತ್ತಿನ ಡಬ್ಬಿಗೆ ತುಂಬಿದ್ದಾರೆ. ಅಧಿಕಾರಿಯ ಕಣ್ಣಿಗೆ ಅದು ಹೆಸರಿಲ್ಲದ ಬಿಳಿ ಗುಳಿಗೆಗಳ ಡಬ್ಬಿ. ಮಾತ್ರೆ ಮೂಲ ಹಾಳೆಯಲ್ಲೇ ಇರಲಿ, ಔಷಧದ ಮೂಲ ಹೆಸರು ಬರೆದ ವೈದ್ಯರ ಚೀಟಿ ಜತೆಗಿರಲಿ, ಒಂದು ವಾರದ ಮಾತ್ರೆ ಕೈಚೀಲದಲ್ಲಿರಲಿ. ನಮ್ಮಲ್ಲಿ ನೋವಿಗೆ, ಕೆಮ್ಮಿಗೆ ಕೊಡುವ ಟ್ರಮಡಾಲ್, ಕೋಡೀನ್ ಇರುವ ಔಷಧಗಳಿಗೆ ಯುಎಇಯಂಥ ದೇಶಗಳಲ್ಲಿ ಮೊದಲೇ ಅನುಮತಿ ಬೇಕು.

ವಿಮೆಯ ಕಥೆ ಇನ್ನೂ ಚೆನ್ನ. ಮನೆಗೆ ಟಿ.ವಿ. ಕೊಳ್ಳಲು ಹತ್ತು ಅಂಗಡಿ ಸುತ್ತಿದವರು ವಿಮೆಯನ್ನು ಹತ್ತು ನಿಮಿಷದಲ್ಲಿ, ಎಲ್ಲಕ್ಕಿಂತ ಅಗ್ಗದ್ದನ್ನು ಕೊಂಡರು. ಅರ್ಜಿಯಲ್ಲಿ ಕಾಯಿಲೆ ಇದೆಯೇ ಅಂತ ಕೇಳಿದ್ದಕ್ಕೆ ‘ಇಲ್ಲ’. ಸುಳ್ಳು ಹೇಳಿ ಕೊಂಡ ವಿಮೆ ಆಸ್ಪತ್ರೆಯ ಬಾಗಿಲಲ್ಲಿ ಕೈಬಿಡುತ್ತದೆ. ಷೆಂಗೆನ್ ವೀಸಾಕ್ಕಂತೂ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಬೇರೆ ಕಡೆ ಕೇಳದಿದ್ದರೂ ಬೇಕು.

ಕೀನ್ಯಾಕ್ಕೆ ಸಿಂಹ ನೋಡಲು ಹೊರಟವರಿಗೆ ಇನ್ನೊಂದು ಮಾತು. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಹತ್ತು ದಿನ ಆದ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ. 2016ರಿಂದ ಅದು ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ಅಂಥ ದೇಶದಿಂದ ಮರಳಿದರೆ ನಮ್ಮದೇ ಸರ್ಕಾರ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸಿಂಹ ನೋಡಿ ಬಂದು ಗೋಡೆ ನೋಡುತ್ತಾ ಕೂರಬೇಕು.

ಪ್ರಶ್ನೆ: ದುಡ್ಡಿನ ವಿಷಯ?

ರಾಯರು: ಸೊಂಟಕ್ಕೆ ನೋಟಿನ ಕಟ್ಟು ಕಟ್ಟಿಕೊಳ್ಳುವುದು ಬೇಡ. ಬಹುತೇಕ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ಮಾತ್ರ ನೋಟು, ಉಳಿದದ್ದು ಕಾರ್ಡಿನಲ್ಲಿ. ನಮ್ಮ ರೂಪಾಯಿ 25,000ಕ್ಕಿಂತ ಹೆಚ್ಚು ಹೊರಗೆ ಒಯ್ಯುವಂತಿಲ್ಲ. ಕಾರ್ಡನ್ನು ವಿದೇಶದ ಬಳಕೆಗೆ ಇಲ್ಲಿಂದಲೇ ತೆರೆಸಿಕೊಳ್ಳಿ. ಬ್ಯಾಂಕಿನ ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಹಾಕಿಸಿ. ಜೀವಮಾನವೆಲ್ಲ ಬ್ಯಾಂಕಿನಲ್ಲಿ ದುಡಿದ ನಮ್ಮ ಯಜಮಾನರೇ ಇದನ್ನು ಮರೆತಿದ್ದರು.

ಪ್ರಶ್ನೆ: ನಿಮ್ಮ ಬಳಗದವರೆಲ್ಲ ಹೀಗೆ ಬೀರುವಿನಲ್ಲಿ ಸುಖವಾಗಿದ್ದಾರೆಯೇ?

ರಾಯರು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಇಲ್ಲ ಸ್ವಾಮಿ. ನಮ್ಮ ಕುಲದ ಎಷ್ಟೋ ಜನ ಪರರ ಡ್ರಾಯರಿನಲ್ಲಿದ್ದಾರೆ. ‘ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ, ಲಕ್ಷ ಸಂಬಳ, ಟಿಕೆಟ್ ನಮ್ಮದೇ’ ಅಂತ ಫೋನಿಗೆ ಬಂದ ಸಂದೇಶ ನಂಬಿ ಹುಡುಗರು ಹೋಗುತ್ತಾರೆ. ಬ್ಯಾಂಕಾಕಿನಲ್ಲಿ ಇಳಿಸಿಕೊಂಡು ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿ ಕಡೆ ಬೇಲಿಯೊಳಗೆ ತಳ್ಳುತ್ತಾರೆ. ಮೊದಲು ಕಿತ್ತುಕೊಳ್ಳುವುದು ನಮ್ಮನ್ನು. ಆಮೇಲೆ ಹಗಲು ರಾತ್ರಿ ಕೂತು ಕಂಡವರಿಗೆ ಇಂಟರ್ನೆಟ್ಟಿನಲ್ಲಿ ಟೋಪಿ ಹಾಕುವ ಕೆಲಸ. ಒಲ್ಲೆ ಅಂದರೆ ಏಟು. 2025ರ ಮಾರ್ಚಿನಲ್ಲಿ ಭಾರತ ಸರ್ಕಾರ ವಾಯುಪಡೆಯ ವಿಮಾನಗಳಲ್ಲಿ ಅಂಥ 500ಕ್ಕೂ ಹೆಚ್ಚು ಮಂದಿಯನ್ನು ಕರೆತಂದಿತು. ಬಾರದೆ ಉಳಿದವರೂ ಇದ್ದಾರೆ.

ಕೆಲಸಕ್ಕೆ ಹೋಗುವವರು ಕೆಲಸದ ವೀಸಾದಲ್ಲೇ ಹೋಗಬೇಕು. ‘ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಡ್ತೀವಿ’ ಅಂದವನು ಏಜೆಂಟ್ ಅಲ್ಲ. ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಅವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕ ತೆರಿಗೆ ಬಿಟ್ಟು 30,000 ರೂಪಾಯಿ ಮೀರುವಂತಿಲ್ಲ. ಹತ್ತನೇ ತರಗತಿ ಪಾಸಾಗದೆ ಗಲ್ಫ್ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವವರಿಗೆ ನನ್ನ ಮೇಲೆ ‘ಇಸಿಆರ್’, ಅಂದರೆ ‘ವಲಸೆ ತಪಾಸಣೆ ಬೇಕು’ ಅಂತ ಒತ್ತಿರುತ್ತಾರೆ. ಅದನ್ನು ಅವಮಾನ ಅಂದುಕೊಳ್ಳಬಾರದು. ಹೊರಡುವ ಮೊದಲು ಅವರ ಕರಾರುಪತ್ರವನ್ನು ಸರ್ಕಾರ ಒಮ್ಮೆ ನೋಡಲಿ ಅಂತ ಮಾಡಿದ ಏರ್ಪಾಡು ಅದು. ಲಕ್ಷಗಟ್ಟಲೆ ಸಾಲ ಮಾಡಿ ಅದನ್ನು ತಪ್ಪಿಸಿಕೊಂಡು ಹೋದವರೇ ಹೆಚ್ಚಾಗಿ ಸಿಕ್ಕಿಬೀಳುವುದು.

ಪ್ರಶ್ನೆ: ಯುದ್ಧ, ಗಲಭೆ ಎದ್ದರೆ ಏನು ಗತಿ?

ರಾಯರು: 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಸೇನೆ ಮತ್ತು ಅರೆಸೇನಾಪಡೆಯ ನಡುವೆ ಕಾಳಗ ಶುರುವಾಯಿತು. ಗಿಡಮೂಲಿಕೆ ಔಷಧಿ ಮಾರಲು ಹೋಗಿದ್ದ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಕೊಂಡರು. ಹೊರಗೆ ಗುಂಡು, ಒಳಗೆ ಅನ್ನ ನೀರಿಲ್ಲ. ‘ಆಪರೇಷನ್ ಕಾವೇರಿ’ ಹೆಸರಿನಲ್ಲಿ ಸರ್ಕಾರ ಭಾರತೀಯರನ್ನು ಪೋರ್ಟ್ ಸುಡಾನ್‌ಗೆ ಕರೆತಂದು, ಅಲ್ಲಿಂದ ಜೆಡ್ಡಾಕ್ಕೆ ದಾಟಿಸಿ ಊರಿಗೆ ಮುಟ್ಟಿಸಿತು. ನಾನು ಹೇಳುವುದು ಇಷ್ಟೆ. ನೀವು ಅಲ್ಲಿದ್ದೀರಿ ಅಂತ ರಾಯಭಾರ ಕಚೇರಿಗೆ ಗೊತ್ತಿದ್ದರೆ ತಾನೇ ಅವರು ಹುಡುಕುವುದು? ಹೆಚ್ಚು ದಿನ ಇರುವವರು, ಅಸ್ಥಿರ ದೇಶಗಳಿಗೆ ಹೋಗುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ಅದರ ತುರ್ತು ಫೋನ್ ನಂಬರು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ದೂರು ದುಮ್ಮಾನಕ್ಕೆ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣ ಇದೆ. ಹೋಗುವ ಮೊದಲು ಆ ದೇಶದ ಬಗ್ಗೆ ಸಚಿವಾಲಯ ಎಚ್ಚರಿಕೆ ಕೊಟ್ಟಿದೆಯೇ ಅಂತ ನೋಡಲು ಎರಡು ನಿಮಿಷ ಸಾಕು.

ಪ್ರಶ್ನೆ: ಅಕಸ್ಮಾತ್ ನೀವೇ ಕಳೆದುಹೋದರೆ?

ರಾಯರು: ಅಪಶಕುನ ನುಡಿಯಬೇಡಿ. ಆದರೂ ಹೇಳುತ್ತೇನೆ. ಮೊದಲು ಅಲ್ಲಿನ ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿ ಪಡೆಯಬೇಕು. ಆಮೇಲೆ ರಾಯಭಾರ ಕಚೇರಿ. ಅವರು ಹೊಸ ಪಾಸ್‌ಪೋರ್ಟ್ ಕೊಡಬಹುದು, ಅವಸರವಿದ್ದರೆ ಭಾರತಕ್ಕೆ ಮರಳಲು ಮಾತ್ರ ನಡೆಯುವ ತುರ್ತು ಪ್ರಮಾಣಪತ್ರ ಕೊಡುತ್ತಾರೆ. ನನ್ನ ಮೊದಲ ಮತ್ತು ಕೊನೆಯ ಪುಟದ, ವೀಸಾದ ಜೆರಾಕ್ಸ್ ಬೇರೆ ಚೀಲದಲ್ಲಿದ್ದರೆ ಈ ಕೆಲಸ ಸಲೀಸು. ಇಮೇಲಿನಲ್ಲೂ ಒಂದು ಪ್ರತಿ ಇರಲಿ. ನಮ್ಮವರು ಜೆರಾಕ್ಸ್ ಮಾಡಿಸಿದ್ದಾರೆ, ಇಲ್ಲ ಅನ್ನುವುದಿಲ್ಲ. ಮಾಡಿಸಿ, ನನ್ನ ಹೊಟ್ಟೆಯೊಳಗೇ ಮಡಚಿ ಇಟ್ಟಿದ್ದಾರೆ. ಕಳ್ಳನಿಗೆ ಮೂಲದ ಜತೆ ನಕಲೂ ಸಿಗಲಿ ಅಂತ.

ಪ್ರಶ್ನೆ: ಕೊನೆಯದಾಗಿ ಓದುಗರಿಗೆ ನಿಮ್ಮ ಮಾತು?

ರಾಯರು: ಪರದೇಶದಲ್ಲಿ ನಮ್ಮವರಿಗೆ ಬರುವ ತೊಂದರೆಗಳಲ್ಲಿ ಬಹಳಷ್ಟು ವಿಧಿಬರಹವಲ್ಲ. ಇಂಥದ್ದು ತರಬೇಡಿ, ಇಷ್ಟು ದಿನ ಮಾತ್ರ ಇರಿ, ಈ ಕಾಗದ ಬೇಕು ಅಂತ ಪ್ರತಿ ದೇಶವೂ ತನ್ನ ಜಾಲತಾಣದಲ್ಲಿ ಬರೆದಿಟ್ಟಿದೆ. ಓದಲು ಕಾಸು ಕೊಡಬೇಕಾಗಿಲ್ಲ. ಪಕ್ಕದ ಮನೆಯವರ ‘ಏನೂ ಆಗಲ್ಲ’ಕ್ಕಿಂತ ಅದು ನಂಬಿಕೆಗೆ ಅರ್ಹ. ಆ ನಿಯಮಗಳು ಆಗಾಗ ಬದಲಾಗುವುದರಿಂದ ಹೋದ ವರ್ಷ ಹೋಗಿಬಂದವರ ಮಾತೂ ಈ ವರ್ಷಕ್ಕೆ ಹಳಸಿರಬಹುದು. ಈಗ ಈ ಪತ್ರಿಕೆ ಪಕ್ಕಕ್ಕಿಟ್ಟು ಎದ್ದೇಳಿ. ನಿಮ್ಮ ಮನೆಯ ಪಾಸ್‌ಪೋರ್ಟುಗಳನ್ನು, ಮಕ್ಕಳದ್ದೂ ಸೇರಿಸಿ, ಹೊರಗೆ ತೆಗೆದು ಕೊನೆಯ ದಿನಾಂಕ ಓದಿ. ಅದರಿಂದ ಆರು ತಿಂಗಳು ಹಿಂದಕ್ಕೆ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಲು ಅವಕಾಶ ಇದೆ. ಆ ಹೊತ್ತು ಬಂದಿದ್ದರೆ ಇವತ್ತೇ ಹಾಕಿ.